ಕುದುರೆಮುಖ: ಇರಾನಿನ ಸಾಲ, ಕಾರ್ಮಿಕರ ಅನ್ನ, ಭದ್ರೆಯ ನೀರು



ಮಲೆನಾಡಿನ ಬಸ್ಸುಗಳಲ್ಲಿ, ಹೋಟೆಲುಗಳಲ್ಲಿ ಮೂರು ಮಾತುಗಳು ಆಗಾಗ ಕೇಳಿಬರುತ್ತವೆ. ಕಾರ್ಮಿಕ ಸಂಘಗಳು ಕೆಲಸ ಕೆಡಿಸುತ್ತವೆ. ಸರಕಾರಿ ಆಸ್ಪತ್ರೆ, ಶಾಲೆಗಳಿಂದ ಪ್ರಯೋಜನವಿಲ್ಲ. ದೂರದೇಶಗಳ ಜಗಳದಿಂದ ಇಲ್ಲಿಯ ಕೃಷಿಕನಿಗೆ ಆಗಬೇಕಾದುದು ಏನೂ ಇಲ್ಲ. ಈ ಮೂರನ್ನೂ ಒಟ್ಟಿಗೆ ಒರೆಗೆ ಹಚ್ಚಲು ಕುದುರೆಮುಖ ಸಾಕು.

1975ರಲ್ಲಿ ಇರಾನಿನ ಷಾ ಸರಕಾರದೊಡನೆ ಒಪ್ಪಂದವಾಯಿತು. ಇರಾನ್ 63 ಕೋಟಿ ಡಾಲರ್ ಸಾಲ ನೀಡಬೇಕು; ಕುದುರೆಮುಖದ ಗಣಿ ವರ್ಷಕ್ಕೆ 75 ಲಕ್ಷ ಟನ್ ಸಂಸ್ಕರಿತ ಅದಿರನ್ನು ಒದಗಿಸಬೇಕು. ವರ್ಷಕ್ಕೆ 6,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಬೆಟ್ಟಗಳನ್ನು ಅಗೆದು, ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿಗೆ ಹರಿಸುವ ಯೋಜನೆ ಅದು. ಉಳಿದ ಕೆಸರನ್ನು ತಡೆಯಲು ಸುಮಾರು 100 ಮೀಟರ್ ಎತ್ತರದ ಲಕ್ಯಾ ಅಣೆಕಟ್ಟು.

1979ರಲ್ಲಿ ಷಾ ದೇಶ ಬಿಟ್ಟರು. ಅವರ ಆಡಳಿತ ಕುಸಿಯಲು 1978ರ ತೈಲ ಕಾರ್ಮಿಕರ ಮುಷ್ಕರವೂ ಪ್ರಬಲ ಕಾರಣವೆಂಬುದನ್ನು ಸಂಘಗಳನ್ನು ಹಳಿಯುವವರು ಗಮನಿಸಬಹುದು. ಇರಾನಿನ ಹಣ ನಡುದಾರಿಯಲ್ಲಿ ನಿಂತಿತು. 1980ರಲ್ಲಿ ಗಣಿ ಸಿದ್ಧವಾದಾಗ ಕೊಳ್ಳಬೇಕಾದವನೇ ಇರಲಿಲ್ಲ. ಅದೇ ವರ್ಷ ಇರಾನ್–ಇರಾಕ್ ಯುದ್ಧವೂ ತೊಡಗಿತು. ಕಂಪೆನಿ ಬೇರೆ ದೇಶಗಳಲ್ಲಿ ಗಿರಾಕಿಗಳನ್ನು ಅರಸಬೇಕಾಯಿತು. ಬೆಟ್ಟ ಮಾತ್ರ ಆಗಲೇ ಬಗೆದುಹೋಗಿತ್ತು.

ಗಣಿಯೊಡನೆ ಕಾಡಿನ ನಡುವೆ ಒಂದು ಊರೂ ಎದ್ದಿತು. ಆಸ್ಪತ್ರೆ, ಶಾಲೆ, ವಿದ್ಯುತ್ತು, ವಸತಿ ಎಲ್ಲವೂ ಬಂದುವು. ಪ್ರಜೆಗಳಿಗೆ ಹಕ್ಕಾಗಿ ಸಲ್ಲಬೇಕಾದ ಸೌಕರ್ಯಗಳು ಅದಿರಿನ ಆಯುಷ್ಯಕ್ಕೆ ಕಟ್ಟಿಕೊಂಡುದು ಇಲ್ಲಿಯ ದೊಡ್ಡ ದೋಷ. ಗಣಿ ನಿಂತರೆ ವೈದ್ಯನೂ ಹೊರಡುತ್ತಾನೆಂದಾದರೆ, ಗಣಿ ಬೇಡವೆಂದು ಹೇಳಲು ಯಾರಿಗೆ ಧೈರ್ಯ ಬಂದೀತು?

1969ರಿಂದ ಲೆಕ್ಕ ಹಾಕಿದ ಮೂವತ್ತು ವರ್ಷದ ಗುತ್ತಿಗೆ 1999ರಲ್ಲಿ ಮುಗಿಯಿತು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟು ಗಣಿಯನ್ನು ನಿಲ್ಲಿಸಲು ಆದೇಶಿಸಿತು. 2005ರ ಕೊನೆಗೆ ಅಗೆತ ನಿಂತಿತು. ತುಂಗೆ, ಭದ್ರೆ, ನೇತ್ರಾವತಿಗಳ ನೆತ್ತಿ ಉಳಿಯಲು ಅದು ಅವಶ್ಯವಾಗಿತ್ತು. ಆದರೆ ಉದ್ಯೋಗಕ್ಕಾಗಿ ದನಿ ಎತ್ತಿದ ಕಾರ್ಮಿಕರನ್ನು ಕಾಡಿನ ಶತ್ರುಗಳೆಂದು ಹಂಗಿಸುವುದು ಹಗುರವಾದ ಮಾತು. ಬೆಟ್ಟವನ್ನು ಇರಾನಿಗೆ ಒಪ್ಪಿಸಿದವರು ಅವರಲ್ಲ. ಕಾಯಂ ನೌಕರನಿಗೆ ವರ್ಗಾವಣೆ, ಪರಿಹಾರಗಳನ್ನು ಕೇಳಲು ಸಂಘದ ಬಾಯಿಯಾದರೂ ಇರುತ್ತದೆ. ಗುತ್ತಿಗೆಯಾಳಿಗೆ, ಟೌನ್‌ಷಿಪ್ಪಿನ ಸಣ್ಣ ಅಂಗಡಿಯವನಿಗೆ, ಮನೆಗೆಲಸದ ಹೆಣ್ಣುಮಗಳಿಗೆ ಅದೂ ಇರುವುದಿಲ್ಲ. ಸಂಘಗಳ ಮೇಲೆ ಆಕ್ಷೇಪಣೆ ಇರುವುದಾದರೆ ಇದೇ ಇರಲಿ: ಈ ಜನರನ್ನು ಅವು ಹೊರಗಿಟ್ಟುವು. ಮುಚ್ಚುವ ವರ್ಷ ಗುತ್ತಿಗೆಯ ಕಾಗದದಲ್ಲೇ ಇದ್ದರೂ ಮೂವತ್ತು ವರ್ಷ ಅದರ ಸಿದ್ಧತೆಯನ್ನು ಸರಕಾರವೂ ಕಂಪೆನಿಯೂ ಮಾಡಲಿಲ್ಲ.

2024ರಲ್ಲಿ ಅದೇ ಕಂಪೆನಿಗೆ ಸಂಡೂರಿನ ದೇವದಾರಿಯಲ್ಲಿ ಅದಿರು ಬೇಕೆಂಬ ವಿಷಯ ಬಂದಾಗ, ಸುಮಾರು 99 ಸಾವಿರ ಮರಗಳ ಲೆಕ್ಕದೆದುರು ಮತ್ತೆ ಮಂಗಳೂರಿನ ಕಾರ್ಮಿಕರ ಉದ್ಯೋಗವನ್ನೇ ನಿಲ್ಲಿಸಲಾಯಿತು. ದೇವದಾರಿಯ ಅದಿರು ಎಷ್ಟು ವರ್ಷ ಬಂದೀತು, ಮುಗಿದ ಮರುದಿನ ಆ ಕಾರ್ಮಿಕರ ಗತಿಯೇನು ಎಂಬ ಪ್ರಶ್ನೆಯನ್ನು ಕಾರ್ಮಿಕ ಸಂಘಗಳೂ ಪರಿಸರ ಸಂಘಟನೆಗಳೂ ಈ ಬಾರಿ ಒಂದೇ ಮೇಜಿನಲ್ಲಿ ಕುಳಿತು ಲಿಖಿತವಾಗಿ ಕೇಳಲಿ. ಉತ್ತರ ಕೈಗೆ ಬರುವ ಮೊದಲು ಒಂದು ಮರವೂ ಉರುಳಬಾರದು.