ನಮ್ಮ ಗಲ್ಲಿಯ ಕನ್ನಡ ಶಾಲೆ: ಒಂದು ರಿಜಿಸ್ಟರಿನ ಕಥೆ

ನಾನು ಮುಂಬಯಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ದಿನವಿಡೀ ಡೇಟಾಬೇಸ್ ಜೊತೆಗೇ ಕೆಲಸ. ಆದರೆ ಇವತ್ತು ಹೇಳೋದು ಒಂದು ದಪ್ಪ ಪುಸ್ತಕದ ಬಗ್ಗೆ: ಗಿರಣಿ ಪ್ರದೇಶದಲ್ಲಿ ನಾನು ಏಳನೇವರೆಗೆ ಓದಿದ ಮುನ್ಸಿಪಾಲಿಟಿ ಕನ್ನಡ ಶಾಲೆಯ ಜನರಲ್ ರಿಜಿಸ್ಟರ್.

ಹೋದ ವರ್ಷ ನನ್ನ ದಾಖಲೆಗೆಂದು ಹೋದಾಗ ಹೆಡ್‌ಬಾಯಿ ಅದನ್ನು ತೆರೆದರು. ನಾನು ನೋಡಿದ್ದು ಎರಡೇ ಕಾಲಂ. ಒಂದು, ಹುಟ್ಟಿದ ಊರು. ಹಳೇ ಪುಟಗಳಲ್ಲಿ ಉಡುಪಿ, ಕಾರ್ಕಳ, ಕುಂದಾಪುರ. ಹೋಟೆಲ್ಲಿಗೆ, ಗಿರಣಿಗೆ ಬಂದವರ ಮಕ್ಕಳು. ಮಕ್ಕಳು ಹೆಚ್ಚಾಗಿ ಶಾಲೆ ಎರಡು ಪಾಳಿಯಾಯಿತು. ಆಮೇಲೆ ಆ ಕಾಲಂ ತುಂಬ ಬರೀ 'ಮುಂಬಯಿ'.

ಇನ್ನೊಂದು, ಶಾಲೆ ಬಿಟ್ಟ ಕಾರಣ. 1982ರ ಜನವರಿ 18ಕ್ಕೆ ಗಿರಣಿ ಮುಷ್ಕರ ಶುರುವಾಯಿತಲ್ಲ, ಅಲ್ಲಿಂದ ಮುಂದೆ ಸಾಲುಸಾಲಾಗಿ 'ಊರಿಗೆ ಹೋದರು'. ತೊಂಬತ್ತರ ನಂತರ 'ಇಂಗ್ಲಿಷ್ ಮಾಧ್ಯಮ'.

ಈಗಿನ ಪುಟಗಳಲ್ಲಿ ಊರುಗಳು ಮತ್ತೆ ಬಂದಿವೆ: ಯಾದಗಿರಿ, ಕಲಬುರಗಿ, ವಿಜಯಪುರ. ಗಿರಣಿ ಜಾಗದಲ್ಲಿ ಟವರ್ ಕಟ್ಟುವವರ ಮಕ್ಕಳು.

"ಮಗಳು ಎಷ್ಟನೇ ಕ್ಲಾಸಪ್ಪ?" ಬಾಯಿ ಕೇಳಿದರು.

"ಎರಡನೇದು, ಬಾಯಿ."

"ಯಾವ ಮೀಡಿಯಂ?"

ನಾನು ಸುಮ್ಮನಾದೆ. ಅವರು ನಕ್ಕರು. "ಇರ್ಲಿ ಬಿಡು, ನನ್ನ ಮಕ್ಕಳೂ ಇಂಗ್ಲಿಷೇ. ಆದ್ರೆ ಯಾದಗಿರಿಯಲ್ಲಿ ಮೂರನೇದು ಓದಿದ ಹುಡುಗಿ ಬೇರೆ ಎಲ್ಲಿ ಹೋಗಿ ಕೂತ್ಕೊಳ್ತಾಳೆ?"

ನಿಜ. ಮಹಾರಾಷ್ಟ್ರದ ಬಾಲಭಾರತಿ ಗಣಿತವನ್ನೂ ಕನ್ನಡದಲ್ಲಿ ಅಚ್ಚುಹಾಕುತ್ತದೆ. ಆ ಹುಡುಗಿ ಇಲ್ಲಿ ಮರುದಿನವೇ ನಾಲ್ಕನೇದರಲ್ಲಿ ಕೂತು ಪಾಠ ಕೇಳಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳಲ್ಲಿ ನೆರೆಹೊರೆ ಶಾಲೆಗೆ ದೂರದ ಲೆಕ್ಕವಿದೆ: ಐದನೇವರೆಗೆ 1 ಕಿ.ಮೀ., ಎಂಟನೇವರೆಗೆ 3 ಕಿ.ಮೀ. ಮಾತೃಭಾಷೆಗೆ ಮಾತ್ರ ಕಾಯ್ದೆ 'ಸಾಧ್ಯವಾದಷ್ಟು ಮಟ್ಟಿಗೆ' ಅನ್ನುತ್ತದೆ. ಮಕ್ಕಳು ಬಂದರೆ ತಾನೇ ಸಾಧ್ಯವಾಗೋದು?

ಮಗಳನ್ನು ಅಲ್ಲಿಗೆ ಸೇರಿಸದ ನಾನು ನಿಮಗೆ ಉಪದೇಶ ಮಾಡಲ್ಲ. ಒಂದು ಕೆಲಸ ಮಾತ್ರ ಹೇಳ್ತೀನಿ. ನಿಮ್ಮ ಸೊಸೈಟಿ ಪಕ್ಕದ ಸೈಟಿನಲ್ಲಿ ಕನ್ನಡ ಕೇಳಿಸಿದರೆ ನಿಂತು ಮಾತಾಡಿಸಿ. ಹತ್ತಿರದ ಕನ್ನಡ ಶಾಲೆ ಎಲ್ಲಿದೆ ಅಂತ ತೋರಿಸಿ. ಜನನ ಪ್ರಮಾಣಪತ್ರ ಇಲ್ಲ, ಟಿಸಿ ಬಂದಿಲ್ಲ ಅನ್ನೋ ಕಾರಣಕ್ಕೆ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ, ಇದೂ ಅದೇ ಕಾಯ್ದೆಯಲ್ಲಿದೆ. ಅದನ್ನೂ ಹೇಳಿ.

ನಾನು ಇಲ್ಲಿವರೆಗೆ ಇಬ್ಬರನ್ನು ಕರೆದುಕೊಂಡು ಹೋಗಿದ್ದೇನೆ. ರಿಜಿಸ್ಟರಿನಲ್ಲಿ ಎರಡು ಸಾಲು ಹೆಚ್ಚಾದವು.