ಪೇಟಿ ಮಾಸ್ತರರ ಬಟವಡೆ

1912ರ ಏಪ್ರಿಲ್ 15ರ ನಸುಕಿನಲ್ಲಿ ಟೈಟಾನಿಕ್ ಮುಳುಗಿದಾಗ ಹಡಗಿನ ಎಂಟೂ ಜನ ವಾದ್ಯಗಾರರು ನೀರುಪಾಲಾದರು. ಹಡಗು ಮುಳುಗುತ್ತಿದ್ದರೂ ನುಡಿಸುತ್ತಲೇ ಇದ್ದರೆಂದು ಲೋಕ ಅವರನ್ನು ಕೊಂಡಾಡಿತು. ಅವರ ಬಟವಡೆಯ ಮಾತನ್ನು ಎತ್ತಿದವರು ಕಡಿಮೆ. ಮೊದಲು ಹಡಗು ಕಂಪನಿಗಳೇ ವಾದ್ಯಗಾರರಿಗೆ ತಿಂಗಳಿಗೆ ಆರೂವರೆ ಪೌಂಡ್ ಕೊಡುತ್ತಿದ್ದವು. ಲಿವರ್‌ಪೂಲಿನ ಬ್ಲ್ಯಾಕ್ ಏಜೆನ್ಸಿ ಗುತ್ತಿಗೆ ಹಿಡಿದ ಮೇಲೆ ಅದು ನಾಲ್ಕಕ್ಕಿಳಿಯಿತು, ಸಮವಸ್ತ್ರದ ಖರ್ಚೂ ಅವರ ತಲೆಗೇ ಬಂತು. ಹಾಡಿನ ಪುಸ್ತಕದಲ್ಲಿದ್ದ 352 ಧಾಟಿಗಳಲ್ಲಿ ಪ್ರಯಾಣಿಕರು ಯಾವುದನ್ನು ಕೇಳಿದರೂ ಅವರು ನುಡಿಸಬೇಕಿತ್ತು. ಇಷ್ಟೆಲ್ಲ ದುಡಿದರೂ ಹಡಗಿನ ದಾಖಲೆಯಲ್ಲಿ ಅವರು ನೌಕರರಲ್ಲ, ಎರಡನೇ ದರ್ಜೆಯ ಪ್ರಯಾಣಿಕರು! ಹೀಗಾಗಿ ಮನೆಯವರು ಪರಿಹಾರ ಕೇಳಿದಾಗ ಹಡಗು ಕಂಪನಿ ಕೈ ತೊಳೆದುಕೊಂಡಿತು, ಹಾಕಿದ ದಾವೆಯೂ ಬಿದ್ದುಹೋಯಿತು. 21 ವರ್ಷದ ಪಿಟೀಲುಗಾರ ಜಾಕ್ ಹ್ಯೂಮ್ ಸತ್ತು ಹದಿನೈದು ದಿನಕ್ಕೆ ಅವನ ತಂದೆಗೆ ಸಮವಸ್ತ್ರದ ಬಾಕಿ ಕೇಳಿ ಏಜೆನ್ಸಿಯ ಪತ್ರ ಬಂತು. ಅದರ ಲೆಕ್ಕದಲ್ಲಿ ಅಂಗಿಗೆ ಗುಂಡಿ ಹಚ್ಚಿದ ಮಜೂರಿಯನ್ನೂ ಬಿಟ್ಟಿರಲಿಲ್ಲ.

ಒಪ್ಪಿಯೇ ಹೋದವರಲ್ಲವೆ ಎಂದು ಕೇಳಬಹುದು. ಹಲವು ಹಡಗುಗಳ ಕೆಲಸ ಒಂದೇ ಏಜೆನ್ಸಿಯ ಕೈಯಲ್ಲಿದ್ದಾಗ ಬೇಡವೆಂದವನು ಮನೆಯಲ್ಲಿ ಕೂರಬೇಕಿತ್ತು. ಅದನ್ನು ಒಪ್ಪಿಗೆ ಎನ್ನಲಾರೆ. ಕಲೆಯನ್ನು ಕೂಲಿಯಿಂದ ಅಳೆಯಬಾರದು ಎಂಬ ಮಾತೂ ಇದೆ. ಅಳೆಯುವುದು ಬೇಡ, ನಿಜ. ಆದರೆ ಆ ಮಾತು ಹೆಚ್ಚಾಗಿ ಬರುವುದು ಕೂಲಿ ಕೊಡಬೇಕಾದವರ ಬಾಯಿಂದ.

ಇದು ದೂರದ ಕಡಲಿನ ಕಥೆ ಮಾತ್ರವಲ್ಲ. ಸವಣೂರು ತಾಲೂಕಿನ ನಮ್ಮ ಯಲವಿಗಿ ನಿಲ್ದಾಣ ಇರುವುದು ಹುಬ್ಬಳ್ಳಿ–ಹರಿಹರ ರೈಲುದಾರಿಯಲ್ಲಿ. ಹುಬ್ಬಳ್ಳಿಯ ಕಡೆಗೆ ಹೊರಟರೆ ಇದೇ ದಾರಿಯಲ್ಲಿ ಕುಂದಗೋಳ. ಅಲ್ಲಿಯ ರಾಮಭಾವು, ಅಂದರೆ ಸವಾಯಿ ಗಂಧರ್ವರು, ವರ್ಷಗಟ್ಟಲೆ ಮರಾಠಿ ಸಂಗೀತ ನಾಟಕಗಳಲ್ಲಿ ಹಾಡಿದವರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯಂಥ ಶಿಷ್ಯರಿಂದ ಅವರ ಹೆಸರು ಉಳಿಯಿತು. ಅಂಥ ನಾಟಕ ಕಂಪನಿಗಳಲ್ಲಿ ರಾತ್ರಿಯಿಡೀ ಪೇಟಿ ಬಾರಿಸಿದವರು, ತಬಲಾ ನುಡಿಸಿದವರು ಎಷ್ಟು ಜನರ ನೆನಪಿನಲ್ಲಿದ್ದಾರೆ? ಕಂಪನಿಯೊಂದಿಗೆ ಊರೂರು ತಿರುಗಿದ ಅವರಿಗೆ, ಮಳೆಗಾಲದಲ್ಲಿ ಕಲೆಕ್ಷನ್ ಬಿದ್ದರೆ ಪಗಾರವೂ ನಿಲ್ಲುತ್ತಿತ್ತು. ಈಗ ಕಷ್ಟದಲ್ಲಿರುವ ವಯಸ್ಸಾದ ಕಲಾವಿದರಿಗೆ ಸರಕಾರ ಮಾಸಾಶನ ಕೊಡುತ್ತದೆ, ಅದು ಒಳ್ಳೆಯದೇ. ಆದರೆ ದುಡಿಯುವ ಕಾಲದಲ್ಲಿ ತಪ್ಪಿದ ಕೂಲಿಯನ್ನು ಮುಪ್ಪಿನ ಮಾಸಾಶನ ತುಂಬಿಕೊಡಲಾರದು.

ಜಾತ್ರೆಯ ನಾಟಕದ ಹ್ಯಾಂಡ್‌ಬಿಲ್ ನೋಡಿ. ದೇಣಿಗೆ ಕೊಟ್ಟವರಿಗೆ ಫೋಟೊ, ಪಾತ್ರಧಾರಿಗಳಿಗೆ ದೊಡ್ಡ ಅಕ್ಷರ. ಪೇಟಿ ಮಾಸ್ತರರಿಗೂ ತಬಲಾದವರಿಗೂ ಕೊನೆಯಲ್ಲೊಂದು ಸಣ್ಣ ಸಾಲು. ಈ ಸಲ ನಿಮ್ಮೂರಲ್ಲಿ ನಾಟಕ ಆಡಿಸುವವರು ನೀವೇ ಆಗಿದ್ದರೆ, ಅವರ ಸಂಭಾವನೆಯನ್ನು ತಾಲೀಮಿನ ಮೊದಲ ದಿನವೇ ಮಾತಾಡಿ ಚೀಟಿಯಲ್ಲಿ ಬರೆದುಕೊಡಿ. ನಾಟಕ ಮುಗಿದ ರಾತ್ರಿಯೇ, ಪರದೆ ಬಿಚ್ಚುವ ಮೊದಲು, ಅದನ್ನು ಅವರ ಕೈಗೆ ಎಣಿಸಿ ಕೊಡಿ.