ಕಣ್ಣಿನ ನಂಬರು ಹಣೆಬರಹವಲ್ಲ

(ಜ್ಞಾನಭಾರತಿಯ ಅನುಭಾವಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಕಣ್ಣಿನ ಮಾತು ಬಂದರೆ ಡಾ. ಎಂ. ಸಿ. ಮೋದಿಯವರ ನೆನಪಾಗುತ್ತದೆ. ಬೀಳಗಿಯಲ್ಲಿ ಹುಟ್ಟಿದ ಅವರು ಊರೂರಲ್ಲಿ ಶಿಬಿರ ನಡೆಸಿ ಲಕ್ಷಾಂತರ ಜನರ ಕಣ್ಣಿನ ಪೊರೆ ತೆಗೆದರು. ಅದು ಕಾಯಕವೂ ಹೌದು, ದಾಸೋಹವೂ ಹೌದು. ಅಂದಿನ ಚಿಂತೆ ಹಿರಿಯರ ಪೊರೆ; ಇಂದಿನ ಚಿಂತೆ ಮಕ್ಕಳ ಮೈನಸ್ ನಂಬರು, ಅಂದರೆ ಸಮೀಪದೃಷ್ಟಿ. ಬೆಳೆಯುವ ವಯಸ್ಸಿನಲ್ಲಿ ಕಣ್ಣುಗುಡ್ಡೆ ಬೇಕಾದ್ದಕ್ಕಿಂತ ಉದ್ದವಾದರೆ ದೂರದ ವಸ್ತುವಿನ ಬಿಂಬ ರೆಟಿನಾದ ಮುಂದೆಯೇ ಮೂಡುತ್ತದೆ. ಪುಸ್ತಕ ಕಾಣುತ್ತದೆ, ಬೋರ್ಡು ಮಸುಕಾಗುತ್ತದೆ.

"ನಮ್ಮ ವಂಶದಲ್ಲೇ ಇದೆ" ಎನ್ನುತ್ತೇವೆ. ವಂಶದ ಪಾಲು ಇರುವುದು ನಿಜ. ಆದರೆ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೋಡಿ. ಚೀನೀ ಮೂಲದ ಆರೇಳು ವರ್ಷದ ಮಕ್ಕಳಲ್ಲಿ ಸಮೀಪದೃಷ್ಟಿ ಸಿಂಗಪುರದಲ್ಲಿ ನೂರಕ್ಕೆ 29, ಸಿಡ್ನಿಯಲ್ಲಿ ಬರೀ 3. ಕುಲ ಒಂದೇ, ಬಾಳಿದ ರೀತಿ ಬೇರೆ. ಸಿಡ್ನಿಯ ಮಕ್ಕಳು ವಾರಕ್ಕೆ ಸುಮಾರು 14 ಗಂಟೆ ಬಯಲಲ್ಲಿರುತ್ತಿದ್ದರು, ಸಿಂಗಪುರದವರು 3 ಗಂಟೆ. ಇಸ್ರೇಲಿನಲ್ಲಿ, ಎಳವೆಯಿಂದಲೇ ದಿನವಿಡೀ ಧರ್ಮಗ್ರಂಥ ಓದುವ ಸಂಪ್ರದಾಯಸ್ಥ ಶಾಲೆಗಳ ಹುಡುಗರಲ್ಲಿ ನೂರಕ್ಕೆ 81 ಮಂದಿಗೆ ಸಮೀಪದೃಷ್ಟಿ ಕಂಡುಬಂತು; ಅದೇ ಸಮುದಾಯದ ಹುಡುಗಿಯರಲ್ಲಿ 36 ಮಂದಿಗೆ ಮಾತ್ರ.

ನಮ್ಮ ದೇಶದಲ್ಲೂ ಹಾಗೆಯೇ. 2002ರಲ್ಲಿ ಪ್ರಕಟವಾದ ಸಮೀಕ್ಷೆಗಳಲ್ಲಿ, ರಾಯಚೂರಿಗೆ ನೆರೆಯ ಮೆಹಬೂಬ್‌ನಗರದ ಹಳ್ಳಿಮಕ್ಕಳಲ್ಲಿ ನೂರಕ್ಕೆ 4, ದೆಹಲಿಯ ಮಕ್ಕಳಲ್ಲಿ 7. ದೆಹಲಿಯ ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು 13. ಇಷ್ಟೇ ವರ್ಷಗಳಲ್ಲಿ ವಂಶ ಬದಲಾಗುವುದಿಲ್ಲ, ಬದಲಾದದ್ದು ಬದುಕು.

ಮನೆಯೊಳಗಿನ ಬೆಳಕು ಕೆಲವು ನೂರು ಲಕ್ಸ್. ಹಗಲಿನ ಬಯಲಲ್ಲಿ ಹತ್ತು ಸಾವಿರಕ್ಕೂ ಹೆಚ್ಚು. ಆ ಬೆಳಕಿಗೆ ರೆಟಿನಾದಲ್ಲಿ ಡೋಪಮಿನ್ ಸ್ರವಿಸಿ, ಕಣ್ಣುಗುಡ್ಡೆಯ ಅತಿ ಬೆಳವಣಿಗೆಯನ್ನು ತಡೆಯುತ್ತದೆ ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ತರಗತಿಯ ಮಕ್ಕಳನ್ನು ಶಾಲೆಯ ದಿನ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟರು. ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ನೂರಕ್ಕೆ 30. ಹಾಗೆ ಬಿಡದ ಶಾಲೆಗಳಲ್ಲಿ ಸುಮಾರು 40.

ಇನ್ನು ನಮ್ಮೊಳಗಿನ ಮಾತು. ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟು ಕುಳಿತರೆ ಕನ್ನಡಕ ಬಿಡಬಹುದು ಎಂದು ಕೆಲವರು ಹೇಳುತ್ತಾರೆ. ಶಿವಯೋಗ ಚಿತ್ತವನ್ನು ನಿಲ್ಲಿಸುವ ಸಾಧನೆ. ಉದ್ದವಾದ ಕಣ್ಣುಗುಡ್ಡೆ ಅದರಿಂದ ಗಿಡ್ಡವಾಗುವುದಿಲ್ಲ. ಲಿಂಗಪೂಜೆಯನ್ನು ಔಷಧಿಯಾಗಿಸಿದರೆ ಪೂಜೆಗೂ ಅನ್ಯಾಯ, ಮಗುವಿಗೂ ಅನ್ಯಾಯ. ಹೆಣ್ಣುಮಗಳ ಕನ್ನಡಕವನ್ನು ವರಾನ್ವೇಷಣೆಗೆಂದು ಮುಚ್ಚಿಡುವುದೂ ಅಂಥದೇ. ಹೆಣ್ಣಿಗೆ ಸಮಾನ ಪೀಠ ಕೊಟ್ಟ ಪರಂಪರೆಯವರು ನಾವು. ಅವಳು ಬೋರ್ಡು ಕಾಣದೆ ಕೂರುವುದು ನಮಗೆ ಶೋಭೆಯೆ?

ಮಠಗಳ ಪ್ರಸಾದ ನಿಲಯಗಳಿಗೆ ನನ್ನ ಬಿನ್ನಹ ಎರಡೇ. ಪ್ರತಿ ವರ್ಷ ಶಾಲೆ ಶುರುವಾದಾಗ ಎಲ್ಲ ಮಕ್ಕಳ ಕಣ್ಣು ತಪಾಸಣೆ ಮಾಡಿಸಿ, ಬೇಕಾದವರಿಗೆ ಕನ್ನಡಕ ಕೊಡಿಸಿ. ಬಿಸಿಲಿರುವಾಗಲೇ ಆಟದ ಹೊತ್ತನ್ನು ಕಡ್ಡಾಯ ಮಾಡಿ. ಅಭ್ಯಾಸದ ಹೆಸರಿನಲ್ಲಿ ಅದನ್ನು ಕಿತ್ತುಕೊಳ್ಳಬೇಡಿ. ಮನೆಯಲ್ಲಿರುವ ನಾವೂ ಅಷ್ಟೆ. ಇಲ್ಲೇ ವಿಶ್ವವಿದ್ಯಾಲಯದ ಮರಗಳ ನೆರಳಿದೆ. ಟ್ಯೂಷನ್ನಿಗೆ ಮುಂಚೆ ಒಂದು ಗಂಟೆ ಮಕ್ಕಳನ್ನು ಹೊರಗೆ ಕರೆದೊಯ್ಯೋಣ. ನೆರಳಾದರೂ ಸರಿ, ಬಯಲ ಬೆಳಕು ಮನೆಯೊಳಗಿನದಕ್ಕಿಂತ ಎಷ್ಟೋ ಪಾಲು ಹೆಚ್ಚು.